ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಪೆನ್ ಡ್ರೈವ್ ಹಚ್ಚುವ ಮೊದಲಿನ ಕೆಲಸ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಯಂತ್ರವಾದರೆ, ಕೆಲವೇ ಅಪವಾದ ಬಿಟ್ಟು, 8ನೇ ಜನರೇಶನ್ ಅಥವಾ ಅದರ ಮುಂದಿನ ಪ್ರೊಸೆಸರ್ ಬೇಕು. ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಲ್ಯಾಟಿಟ್ಯೂಡ್, ಥಿಂಕ್‌ಪ್ಯಾಡ್, ಎಲೈಟ್‌ಬುಕ್‌ಗಳು ಹುಬ್ಬಳ್ಳಿಯ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ಬರುತ್ತಲೇ ಇವೆ. ಅವುಗಳಲ್ಲಿ 4ರಿಂದ 7ನೇ ಜನರೇಶನ್ನಿನವು ಇನ್ನೂ ಸಿಗುತ್ತವೆ. ಮೈಕಟ್ಟು ಗಟ್ಟಿ, ಕೀಬೋರ್ಡ್ ಚಲೋ, ಬೆಲೆ ಕೈಗೆಟಕುವಂಥದ್ದು. ಮುಂದಿನ ವಿಂಡೋಸ್ ಮಾತ್ರ ಅವಕ್ಕೆ ಇಲ್ಲ. ಇಂಥ ಯಂತ್ರಗಳ ಮೇಲೆ ವಿಂಡೋಸಿನ ಬದಲು ಹಾಕಬಹುದಾದ ಉಚಿತ ಕಾರ್ಯವ್ಯವಸ್ಥೆ ಲಿನಕ್ಸ್ ಇನ್ನೂ ಹಲವು ವರ್ಷ ಆರಾಮಾಗಿ ಓಡುತ್ತದೆ. ಖರೀದಿಸುವಾಗಲೇ ಒಂದು ನೋಡಿಕೊಳ್ಳಿರಿ: ಬಯೋಸಿಗೆ (ಸ್ವಿಚ್ ಹಾಕಿದ ಕೂಡಲೇ ವಿಂಡೋಸಿಗಿಂತ ಮೊದಲು ಏಳುವ ಒಳಗಿನ ತಂತ್ರಾಂಶ) ಪಾಸ್‌ವರ್ಡ್ ಇದ್ದರೆ ಅಂಗಡಿಯವರ ಕೈಯಲ್ಲೇ ತೆಗೆಸಿರಿ. ಮನೆಗೆ ತಂದ ಮೇಲೆ ಗೊತ್ತಾದರೆ ಪೆನ್ ಡ್ರೈವಿನಿಂದ ಬೂಟ್ ಮಾಡುವುದಕ್ಕೇ, ಅಂದರೆ ಯಂತ್ರ ಎಬ್ಬಿಸುವುದಕ್ಕೇ, ಬರದೇ ಹೋಗಬಹುದು.

"ಯಾವ ಲಿನಕ್ಸ್ ಹಾಕಲಿ?" ಎಂದು ಎಲ್ಲರೂ ಕೇಳುತ್ತಾರೆ. ಅದು ಎರಡನೆಯ ಪ್ರಶ್ನೆ. ಈ ಯಂತ್ರಕ್ಕೆ ಏನೇನು ಹಚ್ಚುತ್ತೀರಿ, ಇದರ ಮೇಲೆ ದಿನಾ ಏನು ಕೆಲಸ ನಡೆಯುತ್ತದೆ ಎನ್ನುವುದು ಮೊದಲು ಇತ್ಯರ್ಥವಾಗಬೇಕು. ಲಿನಕ್ಸ್ ಹಾಕಿ ವಾರದೊಳಗೆ ವಾಪಸ್ ವಿಂಡೋಸಿಗೆ ಹೋಗುವವರು ಡೆಸ್ಕ್‌ಟಾಪ್ ಹಿಡಿಸದೆ ಹೋಗುವುದು ಕಡಿಮೆ, ಪ್ರಿಂಟರ್ ಓಡದೆ ಹೋಗುವುದು ಜಾಸ್ತಿ.

ಅಂಗಡಿ ಲೆಕ್ಕ ಟ್ಯಾಲಿ ಮೇಲೆ ನಡೆಯುತ್ತಿದ್ದರೆ ಆ ಯಂತ್ರದ ವಿಂಡೋಸನ್ನು ಮುಟ್ಟಬೇಡಿರಿ. ಟ್ಯಾಲಿಪ್ರೈಮ್ ವಿಂಡೋಸಿಗೆಂದೇ ಇರುವ ತಂತ್ರಾಂಶ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಮೂಲಕ ಹೇಗೋ ಎಳೆದಾಡಿ ಓಡಿಸಿದರೂ ಮಾರ್ಚ್ ಕೊನೆಯ ವಾರದಲ್ಲಿ ಕೈಕೊಟ್ಟರೆ ಯಾರನ್ನು ಕೇಳುತ್ತೀರಿ? ಗ್ರಾಮ ಒನ್ ತರಹದ ಸೇವಾ ಕೇಂದ್ರದ ಯಂತ್ರಕ್ಕೂ ಇದೇ ಮಾತು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಸಾಧನಕ್ಕೆ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ಬೇಕು. ನಿಮ್ಮ ಸಾಧನದ ತಯಾರಕರು ಅದನ್ನು ಲಿನಕ್ಸಿಗೆ ಕೊಡದಿದ್ದರೆ ಬೇರೆ ದಾರಿ ಇಲ್ಲ. ಡಿಜಿಟಲ್ ಸಹಿಯ ಟೋಕನ್‌ಗೆ ಲಿನಕ್ಸ್ ಡ್ರೈವರ್ ಸಿಕ್ಕರೂ ಪೋರ್ಟಲ್ಲಿನ ಸಹಿ ಹಾಕುವ ಯುಟಿಲಿಟಿ ವಿಂಡೋಸಿಗೆ ಮಾತ್ರ ಇದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಇಂಥ ಕಡೆ ವಿಂಡೋಸ್, ಲಿನಕ್ಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಿರಿ, ಇಲ್ಲವೇ ಬೇರೆ ಯಂತ್ರದಲ್ಲಿ ಲಿನಕ್ಸ್ ಹಾಕಿರಿ.

ಇನ್ನು ಪ್ರಿಂಟರ್. ಝೆರಾಕ್ಸ್ ಅಂಗಡಿ, ಸಣ್ಣ ಆಫೀಸುಗಳಲ್ಲಿ ಎಲ್ಲಿ ನೋಡಿದರೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನ ಮಟ್ಟಿಗೆ ದೊಡ್ಡ ತಲೆನೋವು. ಅದು ಕ್ಯಾಪ್ಟ್ ಎಂಬ ಕ್ಯಾನನ್ನಿನದೇ ಭಾಷೆ ಮಾತಾಡುತ್ತದೆ. ಕ್ಯಾನನ್ ಕೊಟ್ಟ ಡ್ರೈವರ್ ಹಳೆಯದು, ಅದು 32 ಬಿಟ್ ಲೈಬ್ರರಿಗಳನ್ನು ಬೇಡುತ್ತದೆ, ಹೊಸ ಆವೃತ್ತಿಗಳ ಮೇಲೆ ಕೂಡಿಸುವಾಗ ಹಟ ಹಿಡಿಯುತ್ತದೆ. ಓಡಿಸಿದವರು ಇದ್ದಾರೆ, ಆದರೆ ಹೊಸಬರು ಅದರಿಂದ ಶುರು ಮಾಡಬಾರದು. ಎಚ್‌ಪಿ ಲೇಸರ್‌ಜೆಟ್ 1020 ಇದ್ದರೆ ಹೆದರಿಕೆ ಇಲ್ಲ, ಒಂದು ಮರ್ಮ ಗೊತ್ತಿರಬೇಕು ಅಷ್ಟೇ. ಆ ಪ್ರಿಂಟರ್ ತನ್ನ ಫರ್ಮ್‌ವೇರನ್ನು (ಒಳಗೆ ಓಡುವ ತಂತ್ರಾಂಶ) ತಾನು ಇಟ್ಟುಕೊಳ್ಳುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರ್ ಅದನ್ನು ಕಳಿಸಬೇಕು. ಎಚ್‌ಪಿ ಪ್ರಿಂಟರ್ ಓಡಿಸುವ ಎಚ್‌ಪಿಲಿಪ್ ತಂತ್ರಾಂಶ ಲಿನಕ್ಸ್ ಮಿಂಟ್ ಎಂಬ ಲಿನಕ್ಸಿನ ಜೊತೆಗೇ ಬಂದಿರುತ್ತದೆ, ಆದರೆ ಆ ಫರ್ಮ್‌ವೇರ್ ಇರುವ ಪ್ಲಗಿನ್ ಬೇರೆ. ಇಂಟರ್ನೆಟ್ ಇದ್ದಾಗ ಟರ್ಮಿನಲ್‌ನಲ್ಲಿ 'hp-plugin' ಎಂಬ ಆಜ್ಞೆ ಕೊಟ್ಟು ಇಳಿಸಿಕೊಳ್ಳಬೇಕು. ಇದು ಗೊತ್ತಿಲ್ಲದವರಿಗೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಪ್ರಿಂಟ್ ಕೊಟ್ಟರೆ ಕಾಗದ ಮಾತ್ರ ಅಲುಗುವುದಿಲ್ಲ. ಎಪ್ಸನ್‌ನ ಇಂಕ್ ಟ್ಯಾಂಕ್ ಮಾದರಿಗಳು, ವೈಫೈ ಇರುವ ಹೊಸ ಪ್ರಿಂಟರ್‌ಗಳು ಹೆಚ್ಚು ಕಾಡುವುದಿಲ್ಲ.

ಇಷ್ಟು ತೀರ್ಮಾನವಾದ ಮೇಲೆ ಯಾವ ಲಿನಕ್ಸ್ ಎನ್ನುವುದಕ್ಕೆ ಉತ್ತರ ಸಣ್ಣದು. ಲಿನಕ್ಸ್ ಮಿಂಟ್ 22ರ ಸಾಲು. ಅದು ಉಬುಂಟು ಎಂಬ ಇನ್ನೊಂದು ಲಿನಕ್ಸಿನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, ಬೆಂಬಲ 2029ರ ಏಪ್ರಿಲ್‌ವರೆಗೆ. ರ‍್ಯಾಮ್ 8 ಜಿಬಿ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿ ಇದ್ದರೆ ಅದಕ್ಕಿಂತ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2 ಜಿಬಿ ಇದ್ದರೆ ಯಾವ ಲಿನಕ್ಸೂ ಪವಾಡ ಮಾಡುವುದಿಲ್ಲ: ಡೆಸ್ಕ್‌ಟಾಪ್ ಹಗುರ ಇದ್ದರೂ ಬ್ರೌಸರಿನ ನಾಲ್ಕು ಟ್ಯಾಬ್ ರ‍್ಯಾಮನ್ನೆಲ್ಲ ನುಂಗುತ್ತವೆ. ಪ್ರೊಸೆಸರೇ 32 ಬಿಟ್ ಇರುವ ಅಜ್ಜನ ಕಾಲದ ಯಂತ್ರಕ್ಕೆ ಡೆಬಿಯನ್ 12 ಇದೆ. ಡೆಬಿಯನ್ 13ರಿಂದ 32 ಬಿಟ್ ಇನ್‌ಸ್ಟಾಲರನ್ನೇ ನಿಲ್ಲಿಸಿದ್ದಾರೆ.

ಉಬುಂಟು ಯಾಕೆ ಬೇಡ? ಬೇಡ ಎಂದೇನಿಲ್ಲ. ಅದರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ಯಾಕೇಜ್ ರೂಪದಲ್ಲಿ ಬರುತ್ತದೆ, ಹಳೇ ಹಾರ್ಡ್ ಡಿಸ್ಕ್ ಮೇಲೆ ಮೊದಲ ಸಲ ತೆರೆಯುವಾಗ ಎಳೆಯುತ್ತದೆ. ಫೆಡೋರಾ ಚಲೋ ಇದೆ, ಆದರೆ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳ ಬೆಂಬಲ. ಅಷ್ಟು ಸಲ ಮೇಲ್ದರ್ಜೆಗೆ ಏರಿಸುವ ವ್ಯವಧಾನ ಇದ್ದವರಿಗೆ ಅದು. ಮತ್ತೆ ಕಾಲಿ ಲಿನಕ್ಸ್. ಇಂಜಿನಿಯರಿಂಗ್ ಹುಡುಗರಿಗೆ ಇದರ ಹುಚ್ಚು ಭಾಳ. ಅದು ಭದ್ರತಾ ಪರೀಕ್ಷೆ ಮಾಡುವವರ ಸಲಕರಣೆ ಪೆಟ್ಟಿಗೆ, ದಿನಬಳಕೆಯ ಡೆಸ್ಕ್‌ಟಾಪ್ ಅಲ್ಲ ಎಂದು ಅದನ್ನು ಮಾಡಿದವರೇ ಬರೆದಿಟ್ಟಿದ್ದಾರೆ. ಕಲಿಯಬೇಕಾದರೆ ಮಿಂಟ್ ಮೇಲೆ ವರ್ಚುವಲ್ ಯಂತ್ರದೊಳಗೆ ಹಾಕಿಕೊಳ್ಳಿರಿ.

ಯಾವ ಲಿನಕ್ಸ್ ಎಂದು ತಾಸುಗಟ್ಟಲೆ ವಾದ ಮಾಡುವ ಬದಲು ಹಾರ್ಡ್ ಡಿಸ್ಕ್ ತೆಗೆದು 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿದರೆ ಹೆಚ್ಚು ಫಲ ಕಾಣುತ್ತದೆ. ಹಳೇ ಡಿಸ್ಕನ್ನು ಡಿವಿಡಿ ಡ್ರೈವಿನ ಜಾಗದಲ್ಲಿ ಕ್ಯಾಡಿ ಎಂಬ ಚೌಕಟ್ಟಿನ ಮೂಲಕ ಕೂಡಿಸಬಹುದು, ಕ್ಯಾಡಿ 9.5 ಮಿಲಿಮೀಟರ್, 12.7 ಮಿಲಿಮೀಟರ್ ಹೀಗೆ ಬೇರೆ ಬೇರೆ ದಪ್ಪದಲ್ಲಿ ಬರುವುದರಿಂದ ಡಿವಿಡಿ ಡ್ರೈವ್ ಬಿಚ್ಚಿ ಅಳೆದುಕೊಂಡೇ ತರಿಸಿರಿ. ರ‍್ಯಾಮ್ ಕೂಡಿಸುವಾಗ ಡಿಡಿಆರ್3 ಮತ್ತು ಡಿಡಿಆರ್3ಎಲ್ ಒಂದೇ ಅಲ್ಲ. ಎಲ್ ಇದ್ದದ್ದು 1.35 ವೋಲ್ಟಿನದು, ಇಲ್ಲದ್ದು 1.5 ವೋಲ್ಟಿನದು. 4ನೇ ಜನರೇಶನ್ ಲ್ಯಾಪ್‌ಟಾಪಿಗೆ ಬರೀ ಡಿಡಿಆರ್3 ಹಾಕಿದರೆ ಯಂತ್ರ ಏಳದೇ ಇರಬಹುದು. ಬಿಚ್ಚಿದ್ದೀರಿ ಎಂದ ಮೇಲೆ ಫ್ಯಾನಿನ ಧೂಳನ್ನೂ ಊದಿರಿ. ನಮ್ಮ ಎರಿ ಮಣ್ಣಿನ ಧೂಳು ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿ ಹೊದ್ದಂತೆ ಕೂತಿರುತ್ತದೆ. ಇನ್‌ಸ್ಟಾಲ್ ನಡೆಯುವಾಗ ಪ್ರೊಸೆಸರ್ ಕಾದು ಅರ್ಧಕ್ಕೇ ಯಂತ್ರ ಆರಿದರೆ ಬಯ್ಯಿಸಿಕೊಳ್ಳುವುದು ಪಾಪ ಲಿನಕ್ಸ್.

ಮಿಂಟನ್ನು ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳಬೇಕಾದ ಐಎಸ್‌ಒ ಫೈಲ್ 3 ಜಿಬಿಯ ಹತ್ತಿರ ಹತ್ತಿರ ಇದೆ. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಒಂದೇ ದಿನ ಮುಗಿಯುವುದಿಲ್ಲ, ಬ್ರೌಸರಿನಲ್ಲಿ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿನಿಂದ ಶುರುವಾಗುವ ಅಪಾಯವೂ ಇದೆ. ಟೊರೆಂಟ್ ಮೂಲಕ ಇಳಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಮಿಂಟಿನ ತಾಣದಲ್ಲೇ ಟೊರೆಂಟ್ ಕೊಂಡಿ ಇದೆ. ಇಳಿದ ಮೇಲೆ, ಫೈಲ್ ಸರಿಯಾಗಿ ಬಂದಿದೆಯೇ ಎಂದು ತಿಳಿಸುವ ಎಸ್‌ಎಚ್‌ಎ256 ಮೊತ್ತ ಹೊಂದಿಸಿ ನೋಡಿರಿ. ವಿಂಡೋಸಿನ ಕಮಾಂಡ್ ಪ್ರಾಂಪ್ಟಿನಲ್ಲಿ ಸರ್ಟ್‌ಯುಟಿಲ್ (certutil) ಆಜ್ಞೆಗೆ ಈ ಸೌಲಭ್ಯವಿದೆ. ಬಂದ 64 ಅಕ್ಷರಗಳ ಸಾಲು ತಾಣದಲ್ಲಿ ಕೊಟ್ಟದ್ದಕ್ಕೆ ಒಂದಕ್ಷರವೂ ತಪ್ಪದೆ ಹೊಂದಬೇಕು. ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟವರು ಮುಂದೆ ಇನ್‌ಸ್ಟಾಲರ್ 70 ಪ್ರತಿಶತದಲ್ಲಿ ನಿಂತಾಗ ಡಿಸ್ಕ್ ಕೆಟ್ಟಿದೆ ಎಂದು ತಿಳಿಯುತ್ತಾರೆ.

ಪೆನ್ ಡ್ರೈವ್ 8 ಜಿಬಿ ಇರಲಿ, ಹೆಸರಾಂತ ಕಂಪನಿಯದಿರಲಿ. ಮುನ್ನೂರು ರೂಪಾಯಿಗೆ 2 ಟಿಬಿ ಎಂದು ಮಾರುವಂಥವು ಸುಳ್ಳು ಅಳತೆಯವು. ಬರೆದದ್ದು ತುಂಬಿದ ಮೇಲೆ ಹಿಂದಿನದರ ಮೇಲೇ ಬರೆಯುತ್ತ ಹೋಗುತ್ತವೆ. ಐಎಸ್‌ಒ ಫೈಲನ್ನು ಪೆನ್ ಡ್ರೈವಿಗೆ ಬರೀ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶ ಬಳಸಿ ಬರೆಯಬೇಕು. ಎಚರ್ ಕೆಲಸ ಮುಗಿಸಿದ ಕೂಡಲೇ ವಿಂಡೋಸ್ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಲೇ?" ಎಂದು ಕೇಳುತ್ತದೆ. ಅದಕ್ಕೆ ಅರ್ಥವಾಗದ ವಿಭಾಗ ಕಂಡದ್ದಕ್ಕೆ ಆ ಪ್ರಶ್ನೆ. ಕ್ಯಾನ್ಸಲ್ ಒತ್ತಿರಿ. ಹೂಂ ಅಂದರೆ ಬರೆದದ್ದೆಲ್ಲ ನೀರುಪಾಲು.

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ವಿಂಡೋಸಿನೊಳಗೆ ಇರುವಾಗಲೇ ಮಾಡಬೇಕಾದ ಕೆಲಸ ಕೆಲವಿವೆ. ಫೋಟೋ, ಅಂಕಪಟ್ಟಿ, ಪ್ರಾಜೆಕ್ಟ್ ಎಲ್ಲ ಹೊರಗಿನ ಡಿಸ್ಕಿಗೆ ಹೋಗಲಿ, ಇದು ಹೇಳುವುದೇ ಬೇಡ. ಡಿಸ್ಕಿನ ದತ್ತಾಂಶಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದ್ದರೆ ಆಫ್ ಮಾಡಿ ಪೂರ್ತಿ ಬಿಚ್ಚುವವರೆಗೆ ಕಾಯಿರಿ. ಬೀಗ ಹಾಕಿದ ವಿಭಾಗವನ್ನು ಲಿನಕ್ಸ್ ಇನ್‌ಸ್ಟಾಲರ್ ಕಿರಿದು ಮಾಡಲಾರದು. ಆ ಬೀಗ ಇಟ್ಟುಕೊಳ್ಳಲೇಬೇಕು ಎನ್ನುವವರು 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿರಿ, ಬಯೋಸಿನಲ್ಲಿ ಕೈಯಾಡಿಸಿದ ಮೇಲೆ ವಿಂಡೋಸ್ ಅದನ್ನು ಕೇಳುತ್ತದೆ. ಕಂಟ್ರೋಲ್ ಪ್ಯಾನೆಲ್ಲಿನ ಪವರ್ ಆಪ್ಶನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿರಿ. ಅದು ಇದ್ದರೆ ಶಟ್‌ಡೌನ್ ಎಂದು ಕೊಟ್ಟರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸಿನಿಂದ ಆ ಡ್ರೈವ್ ತೆರೆದರೆ ಓದಲಿಕ್ಕೆ ಮಾತ್ರ ಸಿಗುತ್ತದೆ, ಬರೆಯಲಿಕ್ಕೆ ಇಲ್ಲ.

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವ್ ಕಿರಿದು ಮಾಡಿ 60 ಜಿಬಿ ಬಿಡಿಸಿಕೊಳ್ಳಿರಿ. ಖಾಲಿ ಜಾಗವನ್ನು ಹಾಗೇ ಬಿಡಬೇಕು, ಅದಕ್ಕೆ ಹೊಸ ಡ್ರೈವ್ ಅಕ್ಷರ ಕೊಡಬಾರದು. ನೂರು ಜಿಬಿ ಖಾಲಿ ಇದ್ದರೂ "ಇಷ್ಟೇ ಬಿಡಬಹುದು" ಎಂದು ಐದಾರು ಜಿಬಿ ತೋರಿಸಿದರೆ ಡ್ರೈವಿನ ನಡುವೆ ಅಲ್ಲಾಡದ ಫೈಲುಗಳು ಕೂತಿವೆ ಎಂದರ್ಥ: ಹೈಬರ್ನೇಶನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್. ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ಒಮ್ಮೆ ರೀಸ್ಟಾರ್ಟ್ ಮಾಡಿ, ಮತ್ತೆ ಪ್ರಯತ್ನಿಸಿರಿ.

ಬೂಟ್ ಮೆನುವಿನ ಕೀಲಿ ಒಂದೊಂದು ಕಂಪನಿಗೆ ಒಂದೊಂದು. ಡೆಲ್, ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9, ಆಸುಸ್ ಲ್ಯಾಪ್‌ಟಾಪಿಗೆ ಎಸ್ಕೇಪ್. ಏಸರ್‌ನಲ್ಲೂ ಎಫ್12 ಹೌದು, ಆದರೆ ಎಫ್2 ಒತ್ತಿ ಬಯೋಸಿಗೆ ಹೋಗಿ ಎಫ್12 ಬೂಟ್ ಮೆನುವನ್ನು ಮೊದಲು ಚಾಲೂ ಮಾಡಬೇಕಾಗುತ್ತದೆ. ಪರದೆ ಕಪ್ಪಾಗಿ ನಿಂತರೆ, ಮುಖ್ಯವಾಗಿ ಎನ್ವಿಡಿಯಾ ಕಾರ್ಡ್ ಇದ್ದಲ್ಲಿ, ಮತ್ತೆ ಶುರು ಮಾಡಿ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಆರಿಸಿರಿ.

ಡೆಸ್ಕ್‌ಟಾಪ್ ಬಂದ ಮೇಲೆ ತಕ್ಷಣ ಇನ್‌ಸ್ಟಾಲ್ ಐಕಾನ್ ಒತ್ತಬೇಡಿರಿ. ಇದು ಪೆನ್ ಡ್ರೈವ್ ಮೇಲೇ ಓಡುವ ಲೈವ್ ಅವತಾರ, ಡಿಸ್ಕ್ ಇನ್ನೂ ಮುಟ್ಟಿಲ್ಲ. ವೈಫೈ, ಸ್ಪೀಕರ್, ಕ್ಯಾಮೆರಾ, ಬ್ರೈಟ್‌ನೆಸ್ ಕೀಲಿ, ಮುಚ್ಚಳ ಮುಚ್ಚಿ ತೆರೆದಾಗ ಏಳುತ್ತದೋ ಇಲ್ಲವೋ, ಪ್ರಿಂಟರ್: ಎಲ್ಲ ಇಲ್ಲೇ ಪರೀಕ್ಷೆಯಾಗಲಿ. ಹಳೇ ಡೆಲ್ ಇನ್‌ಸ್ಪಿರಾನ್‌ಗಳಲ್ಲಿರುವ ಬ್ರಾಡ್‌ಕಾಮ್ ವೈಫೈ ಚಿಪ್ ಮೊದಲಿಗೆ ಓಡದಿರುವುದು ಮಾಮೂಲು. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಹಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ವೈರಿನ ಇಂಟರ್ನೆಟ್ ಎಂದೇ ಗುರುತಿಸುತ್ತದೆ. ಇನ್‌ಸ್ಟಾಲ್ ಆದ ಮೇಲೆ ಇದೇ ದಾರಿಯಲ್ಲಿ ಡ್ರೈವರ್ ಮ್ಯಾನೇಜರ್ ತೆರೆದು ಬ್ರಾಡ್‌ಕಾಮ್ ಡ್ರೈವರ್ ಹಾಕಿಕೊಳ್ಳಬಹುದು.

ಇನ್‌ಸ್ಟಾಲರ್ ನಿಮ್ಮ ಡಿಸ್ಕನ್ನೇ ತೋರಿಸದಿದ್ದರೆ, ಬಯೋಸಿನಲ್ಲಿ ಡಿಸ್ಕ್ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, "ರೇಡ್ ಆನ್" ಎಂದಿರಬಹುದು. ಡೆಲ್ ಲ್ಯಾಟಿಟ್ಯೂಡ್‌ಗಳು ಹಾಗೇ ಬರುತ್ತವೆ. ಎಎಚ್‌ಸಿಐಗೆ ಬದಲಿಸಬೇಕು, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ಬೀಳುತ್ತದೆ. ಮೊದಲು ವಿಂಡೋಸಿನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಮಾಡುವಾಗ ಬಯೋಸಿನಲ್ಲಿ ಎಎಚ್‌ಸಿಐ ಮಾಡಿ, ಸೇಫ್ ಮೋಡಿನಲ್ಲಿ ಒಮ್ಮೆ ಎದ್ದ ಮೇಲೆ ಆ ಗುರುತು ತೆಗೆಯಿರಿ. ಡಿಸ್ಕ್ ಕಾಣುತ್ತದೆ, ವಿಂಡೋಸ್ ಮಾತ್ರ ಕಾಣುತ್ತಿಲ್ಲ ಎಂದಾದರೆ ಕಾರಣ ಬೇರೆ: ವಿಂಡೋಸ್ ಯುಇಎಫ್‌ಐ ಎಂಬ ಹೊಸ ಬೂಟ್ ರೀತಿಯಲ್ಲಿ ಕೂತಿದೆ, ನೀವು ಪೆನ್ ಡ್ರೈವನ್ನು ಹಳೇ ಲೆಗಸಿ ರೀತಿಯಲ್ಲಿ ಎಬ್ಬಿಸಿದ್ದೀರಿ. ಬೂಟ್ ಮೆನುವಿನಲ್ಲಿ ಒಂದೇ ಪೆನ್ ಡ್ರೈವ್ ಎರಡು ಸಲ ಕಂಡರೆ ಯುಇಎಫ್‌ಐ ಎಂದಿದ್ದದ್ದನ್ನು ಆರಿಸಿರಿ.

ಡಿಸ್ಕ್ ಹಂಚುವ ಪುಟಕ್ಕೆ ಬಂದಾಗ ಕರೆಂಟಿನ ಯೋಚನೆಯೂ ಇರಲಿ. ಲ್ಯಾಪ್‌ಟಾಪಿನ ಬ್ಯಾಟರಿ ಅರ್ಧ ತಾಸಾದರೂ ತಡೆಯುತ್ತದೆಯೇ ನೋಡಿರಿ; ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಮುಂದುವರಿಯಬೇಡಿರಿ. ವಿಭಾಗ ಕಿರಿದು ಮಾಡುವ ನಡುವೆ ಕರೆಂಟ್ ಹೋದರೆ ಆ ವಿಭಾಗದ ದತ್ತಾಂಶಕ್ಕೆ ಖಾತರಿ ಇಲ್ಲ. ಡಿಸ್ಕ್ ಪೂರ್ತಿ ಲಿನಕ್ಸಿಗೇ ಎಂದಾದರೆ "ಎರೇಸ್ ಡಿಸ್ಕ್" ಕೊಟ್ಟು ಸುಮ್ಮನಾಗಿರಿ. ವಿಂಡೋಸಿನ ಜೊತೆಗೆ ಎಂದಾದರೆ "ಸಮ್‌ಥಿಂಗ್ ಎಲ್ಸ್" ಆರಿಸಿ, ಬಿಡಿಸಿಟ್ಟ 60 ಜಿಬಿಯಲ್ಲಿ 40ನ್ನು ರೂಟಿಗೆ (ವ್ಯವಸ್ಥೆಯ ಜಾಗ), ಉಳಿದದ್ದನ್ನು ಹೋಮಿಗೆ (ನಿಮ್ಮ ಫೈಲುಗಳ ಜಾಗ) ಕೊಡಿರಿ, ಎರಡಕ್ಕೂ ಇಎಕ್ಸ್‌ಟಿ4 ಎಂಬ ಫಾರ್ಮ್ಯಾಟ್. ರ‍್ಯಾಮ್ ತುಂಬಿದಾಗ ಬಳಕೆಯಾಗುವ ಸ್ವಾಪ್‌ಗೆ ಬೇರೆ ವಿಭಾಗ ಬೇಡ, ಮಿಂಟ್ ತಾನೇ ಸ್ವಾಪ್ ಫೈಲ್ ಮಾಡಿಕೊಳ್ಳುತ್ತದೆ. 100 ಎಂಬಿಯೋ ಅದಕ್ಕಿಂತ ತುಸು ಹೆಚ್ಚೋ ಇರುವ ಇಎಫ್‌ಐ ವಿಭಾಗ ಕಂಡರೆ ಅದನ್ನು ಹಾಗೇ ಬಳಸಿಕೊಳ್ಳಿರಿ, ಫಾರ್ಮ್ಯಾಟ್ ಗುರುತು ಹಾಕಬೇಡಿರಿ. ವಿಂಡೋಸ್ ಏಳುವುದೂ ಅದರಿಂದಲೇ.

ಸಹಿ ಇಲ್ಲದ ತಂತ್ರಾಂಶ ಬೂಟ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್ ಆನ್ ಇಟ್ಟು, ಹಾಡು ವಿಡಿಯೋ ಓಡಿಸುವ ಮಲ್ಟಿಮೀಡಿಯಾ ಕೋಡೆಕ್‌ಗಳಿಗೆ ಗುರುತು ಹಾಕಿದರೆ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳಬಹುದು. ಅದು ಲಾಗಿನ್ ಪಾಸ್‌ವರ್ಡ್ ಅಲ್ಲ. ಮುಂದಿನ ಸಲ ಯಂತ್ರ ಎದ್ದಾಗ ನೀಲಿ ಬಣ್ಣದ ಮೆನು ಬಂದು ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ಅಷ್ಟರೊಳಗೆ ಕೀಲಿ ಒತ್ತಿ, "ಎನ್‌ರೋಲ್ ಎಂಒಕೆ" ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಚಹಾ ಕುಡಿಯಲಿಕ್ಕೆ ಎದ್ದು ಹೋದವರು ಇದನ್ನು ತಪ್ಪಿಸಿಕೊಂಡು, ಆಮೇಲೆ ಎನ್ವಿಡಿಯಾ ಅಥವಾ ಬ್ರಾಡ್‌ಕಾಮ್ ಡ್ರೈವರ್ ಹಾಕಿದರೂ ಓಡುತ್ತಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಎಲ್ಲ ಮುಗಿದು ರೀಸ್ಟಾರ್ಟ್ ಮಾಡಿದಾಗ ನೇರ ವಿಂಡೋಸೇ ಬಂದರೆ ಲಿನಕ್ಸ್ ಎಲ್ಲೂ ಹೋಗಿಲ್ಲ. ಬಯೋಸಿನ ಬೂಟ್ ಕ್ರಮದಲ್ಲಿ ಅದನ್ನು ಮೇಲೆ ತರಬೇಕು. ಅಲ್ಲಿ ಮಿಂಟ್ ಎಂಬ ಹೆಸರು ಹುಡುಕಬೇಡಿರಿ, ಉಬುಂಟು ಎಂದೇ ಇರುತ್ತದೆ. ವಿಂಡೋಸಿನಲ್ಲಿ ಗಡಿಯಾರ ಐದೂವರೆ ತಾಸು ಹಿಂದೆ ಓಡಿದರೂ ಗಾಬರಿ ಬೇಡ: ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಕಾಲವೆಂದು ಓದುತ್ತದೆ, ವಿಂಡೋಸ್ ನಮ್ಮ ಕಾಲವೆಂದು ಓದುತ್ತದೆ. ಲಿನಕ್ಸಿನಲ್ಲಿ 'timedatectl set-local-rtc 1' ಎಂಬ ಒಂದು ಆಜ್ಞೆಗೆ ಜಗಳ ತೀರುತ್ತದೆ. ತಾರೀಖೇ ಹಲವು ವರ್ಷ ಹಿಂದಿನದು ಬರುತ್ತಿದ್ದರೆ, ಬ್ರೌಸರಿನಲ್ಲಿ ಪ್ರತಿ ತಾಣವೂ ಅಸುರಕ್ಷಿತ ಎನ್ನುತ್ತಿದ್ದರೆ, ಮದರ್‌ಬೋರ್ಡಿನ ಗಡಿಯಾರ ನಡೆಸುವ ಸೀಮಾಸ್ ಸೆಲ್ ಸತ್ತಿದೆ. ಡೆಸ್ಕ್‌ಟಾಪಿನಲ್ಲಿ ಅದು ನಾಣ್ಯದ ಗಾತ್ರದ ಸಿಆರ್2032.

ವ್ಯವಸ್ಥೆ ಕೆಟ್ಟರೆ ಹಿಂದಿನ ಸ್ಥಿತಿಗೆ ತರುವ ಟೈಮ್‌ಶಿಫ್ಟ್ ಬಗ್ಗೆ ಒಂದು ಮಾತು. ಸ್ವಾಗತ ಪರದೆ ಅದನ್ನು ಚಾಲೂ ಮಾಡು ಎನ್ನುತ್ತದೆ, ಮಾಡಿರಿ, ಆದರೆ ಉಳಿಸುವ ಪ್ರತಿ ದಿನದ್ದು ಎರಡು, ವಾರದ್ದು ಒಂದು ಸಾಕು. ಅದು ಉಳಿಸುವುದು ವ್ಯವಸ್ಥೆಯ ಫೈಲುಗಳನ್ನು, ನಿಮ್ಮ ಫೋಟೋಗಳನ್ನಲ್ಲ. ಮಿತಿ ಇಲ್ಲದೆ ಬಿಟ್ಟರೆ 40 ಜಿಬಿಯ ರೂಟ್ ತುಂಬಿ ಒಂದು ಬೆಳಗ್ಗೆ ಲಾಗಿನ್ ಪರದೆ ಪಾಸ್‌ವರ್ಡ್ ತಗೊಂಡು ಮತ್ತೆ ಲಾಗಿನ್ನಿಗೇ ಬಂದು ನಿಲ್ಲುತ್ತದೆ. ಇಂಟರ್ನೆಟ್ ಡೇಟಾ ಕಡಿಮೆ ಖರ್ಚಾಗಲಿ ಎನ್ನುವವರು ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಒಂದೇ ತಂತ್ರಾಂಶ ಎರಡು ರೂಪದಲ್ಲಿ ಸಿಕ್ಕಾಗ ಫ್ಲಾಟ್‌ಪ್ಯಾಕ್ ಬಿಟ್ಟು ಸಿಸ್ಟಮ್ ಪ್ಯಾಕೇಜ್ ಆರಿಸಿರಿ. ಫ್ಲಾಟ್‌ಪ್ಯಾಕ್ ತನ್ನ ಸಂಸಾರವನ್ನೆಲ್ಲ ಜೊತೆಗೆ ಇಳಿಸಿಕೊಳ್ಳುತ್ತದೆ.

ಕೊನೆಗೆ ಕನ್ನಡ. ಇಲ್ಲಿ ಎರಡು ದಾರಿ ಇವೆ, ಎರಡರ ಫರಕು ಯಾರೂ ಬಿಡಿಸಿ ಹೇಳುವುದಿಲ್ಲ. ಕೀಬೋರ್ಡ್ ಸೆಟ್ಟಿಂಗಿನ ಲೇಔಟ್ ಪಟ್ಟಿಯಲ್ಲಿ "ಕನ್ನಡ, ಕಗಪ" ಎಂದು ಸಿದ್ಧ ಸಿಗುತ್ತದೆ. ಏನೂ ಇಳಿಸಬೇಕಿಲ್ಲ. ಹುಬ್ಬಳ್ಳಿ ಎಂದು ಮೂಡಿಸಲು ಎಚ್, ಯು, ಬಿ, ಎಫ್, ಬಿ, ಶಿಫ್ಟ್ ಎಲ್, ಎಫ್, ಶಿಫ್ಟ್ ಎಲ್, ಐ. ಎಫ್ ಎಂದರೆ ಅರ್ಧಾಕ್ಷರ ಮಾಡುವ ಕೀಲಿ, ನುಡಿ ತಂತ್ರಾಂಶದಲ್ಲಿದ್ದಂತೆಯೇ. ಆದರೆ ಈ ಲೇಔಟಿಗೆ ಹಿಂದಿನ ಅಕ್ಷರ ಏನೆಂದು ಗೊತ್ತಿರುವುದಿಲ್ಲ. ಒಂದು ಕೀಲಿಗೆ ಒಂದು ಗುರುತು, ಅಷ್ಟೇ. ಹಾಗಾಗಿ ಪದದ ಮೊದಲಿಗೆ ಇ, ಉ, ಎ ಬೇಕಾದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ನುಡಿಯಲ್ಲಿ ಕೈ ಪಳಗಿದವರಿಗೆ ಇದು ಪ್ರತಿ ಸಾಲಿನಲ್ಲೂ ಮುಗ್ಗರಿಸಿದಂತೆ. ಅವರಿಗೆ ಎರಡನೆಯ ದಾರಿ: ಸಾಫ್ಟ್‌ವೇರ್ ಮ್ಯಾನೇಜರಿನಿಂದ ಟೈಪಿಂಗ್ ತಂತ್ರಾಂಶಗಳಾದ ಐಬಸ್ (ibus) ಮತ್ತು ಐಬಸ್-ಎಂ17ಎನ್ (ibus-m17n) ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬಂದು, ಐಬಸ್ ಪ್ರಿಫರೆನ್ಸಿನಲ್ಲಿ ಕನ್ನಡದ ಕೆಳಗಿನ ಕೆಜಿಪಿ (kgp) ಸೇರಿಸಿರಿ. ಇದು ಸಂದರ್ಭ ನೋಡಿ ಸ್ವರವನ್ನೋ ಗುಣಿತವನ್ನೋ ತಾನೇ ಇಡುತ್ತದೆ. ಭಾಷೆ ಬದಲಿಸಲು ವಿಂಡೋಸ್ ಕೀಲಿ ಮತ್ತು ಸ್ಪೇಸ್.

ಫಾಂಟುಗಳಿಗೆ ಗುಬ್ಬಿ, ನವಿಲು, ಲೋಹಿತ್ ಕನ್ನಡ, ನೋಟೋ ಎಲ್ಲ ಉಚಿತವಾಗಿ ಸಿಗುತ್ತವೆ. ಲಿಬ್ರೆಆಫೀಸ್‌ನಲ್ಲಿ ಶೈಲಿ ಬದಲಿಸಿದರೂ ಕನ್ನಡದ ಅಕ್ಷರ ಮಾತ್ರ ಬದಲಾಗುತ್ತಿಲ್ಲ ಎನಿಸಿದರೆ, ಅದು ಕನ್ನಡವನ್ನು ಕಾಂಪ್ಲೆಕ್ಸ್ ಟೆಕ್ಸ್ಟ್ (ಸಿಟಿಎಲ್) ಎಂದು ಬೇರೆ ಲೆಕ್ಕದಲ್ಲಿ ಇಟ್ಟಿರುತ್ತದೆ. ಭಾಷೆಯ ಆಯ್ಕೆಗಳಲ್ಲಿ ಸಿಟಿಎಲ್ ಚಾಲೂ ಮಾಡಿ, ಅದರ ಫಾಂಟು ಮತ್ತು ಗಾತ್ರವನ್ನು ಪ್ರತ್ಯೇಕ ಕೊಡಬೇಕು.

ಹಳೇ ನುಡಿ ಫೈಲುಗಳ ಕಥೆ ಬೇರೆ. ಕೋರ್ಟಿನ ಕಾಗದ, ಸಂಘದ ಠರಾವು, ಹತ್ತು ವರ್ಷದ ಹಿಂದಿನ ಲಗ್ನಪತ್ರಿಕೆ ತೆರೆದರೆ ಪೌಂಡಿನ ಚಿಹ್ನೆ, ತಲೆ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಫೈಲ್ ಕೆಟ್ಟಿಲ್ಲ. ಅದು ಯೂನಿಕೋಡ್ ಅಲ್ಲದ ಕಾಲದ್ದು: ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟು ಇದ್ದರೆ ಮಾತ್ರ ಓದಲು ಬರುತ್ತದೆ. ವಿಂಡೋಸ್ ಅಳಿಸುವ ಮೊದಲು ಅದರ ಫಾಂಟ್ಸ್ ಫೋಲ್ಡರಿನಿಂದ ನುಡಿ ಎಂದು ಶುರುವಾಗುವ ಟಿಟಿಎಫ್ ಫೈಲುಗಳನ್ನೆಲ್ಲ ಪೆನ್ ಡ್ರೈವಿಗೆ ತೆಗೆದಿಟ್ಟುಕೊಳ್ಳಿರಿ. ಮಿಂಟಿನಲ್ಲಿ ಒಂದೊಂದರ ಮೇಲೂ ಎರಡು ಸಲ ಕ್ಲಿಕ್ಕಿಸಿ ಇನ್‌ಸ್ಟಾಲ್ ಕೊಟ್ಟರೆ ಆ ಠರಾವು ಮತ್ತೆ ಕನ್ನಡದಲ್ಲೇ ಕಾಣುತ್ತದೆ. ತಿದ್ದಿ ಬರೆಯುವುದಿದ್ದರೆ ಮಾತ್ರ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದುಕೊಂಡು, ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಿಟ್ಟು ನೋಡಿರಿ. ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ.